ಟ್ರೇಲರ್ ಏರಿದ ಆಲ್ಕೊ

(ಪುಣೆಯಲ್ಲಿ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ, ರೈಲು ಎಂಜಿನ್ ಹೇರಿಕೊಂಡ ಟ್ರೇಲರಿನ ಸಣ್ಣ ಮಾದರಿಯೊಂದನ್ನು ಕಟ್ಟಿ ಮೇಜಿನ ಮೇಲಿಟ್ಟು ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಜಾಗಗಳನ್ನು ತೆಗೆದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಬಂದಲ್ಲೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಚಹಾ ಕಪ್ಪು ಹಿಡಿದುಕೊಂಡು ಈ ಮೇಜನ್ನು ಸುತ್ತುಹಾಕಿದವರಲ್ಲಿ ಮುಕ್ಕಾಲು ಮಂದಿ ಕೇಳಿದ್ದು ಒಂದೇ ಮಾತು: "ಇದು ಚಾಲೂ ಆಗ್ತದೇನ್ರಿ?" ಆಗುವುದಿಲ್ಲ. ಒಳಗೆ ಪಿಸ್ಟನ್ ಇಲ್ಲ, ಕ್ರ್ಯಾಂಕ್ ಇಲ್ಲ. ಏನಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಇದು ಟ್ರೇಲರ್ ಮೇಲೆ ಹೇರಿಕೊಂಡು ಎಲ್ಲಿಗೋ ಒಯ್ಯುತ್ತಿರುವ ಎಂಜಿನ್. ಅಂದರೆ ಈ ಹೊತ್ತಿಗೆ ಅದು ಬರೀ ಸರಕು. ಹಾಗೆ ಕಾಣಿಸುವಂತೆ ಮಾಡುವುದೇ ಈ ಕೆಲಸದ ಕಷ್ಟದ ಭಾಗ. ಇವತ್ತಿನ ಮಾತೂ ಹೆಚ್ಚಾಗಿ ಅದರದ್ದೇ.

ಮೊದಲು ಎದುರಿಗಿರುವುದರ ಪರಿಚಯ. ಪ್ರಮಾಣ 1:24. ನಿಜದ 24 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್. ಮುಂದಿರುವುದು ಹಳೆ ಮೂತಿಯ ಟಾಟಾ ಕ್ಯಾಬಿನ್, ಹಿಂದೆ ಲೋ-ಬೆಡ್ ಟ್ರೇಲರ್, ಅದರ ಮೇಲೆ 16 ಸಿಲಿಂಡರಿನ ಆಲ್ಕೊ 251. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಲೋಕೊದ ಹೊಟ್ಟೆಯಲ್ಲಿದ್ದದ್ದು ಇದೇ ಎಂಜಿನ್. ಆಲ್ಕೊ ಅಮೆರಿಕದ ಸ್ಕೆನೆಕ್ಟಡಿಯ ಕಂಪನಿ. ಡಬ್ಲ್ಯುಡಿಎಂ-2 ಭಾರತಕ್ಕೆ ಬಂದದ್ದು 1962ರಲ್ಲಿ. 1964ರಿಂದ ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್‌ನಲ್ಲಿ ಇಲ್ಲೇ ಕಟ್ಟಲು ಶುರುಮಾಡಿದರು. ಮೂಲ ಕಂಪನಿ 1969ರಲ್ಲಿ ಲೋಕೊ ಮಾಡುವುದನ್ನೇ ನಿಲ್ಲಿಸಿತು. ನಾವು ಮಾತ್ರ ಅದೇ ಎಂಜಿನ್ನನ್ನು ತಿದ್ದಿ ತೀಡಿ ದಶಕಗಟ್ಟಲೆ ಓಡಿಸಿದೆವು. ಮೀರಜ್ ಮೇಲೆ ಊರಿಗೆ ಹೋಗುತ್ತಿದ್ದವರಿಗೆ ಇದರ ಸದ್ದು ಗೊತ್ತೇ ಇರುತ್ತದೆ. ಗಾಡಿ ಹೊರಡುವಾಗ ಕಪ್ಪು ಹೊಗೆ ಏಳುತ್ತಿತ್ತಲ್ಲ, ಅದಕ್ಕೆ ಕಾರಣ ಇದರ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ. ಡ್ರೈವರ್ ನಾಚ್, ಅಂದರೆ ಹಿಡಿಕೆಯ ಮೆಟ್ಟಿಲು, ಏರಿಸಿದ ತಕ್ಷಣ ಡೀಸೆಲ್ ಹೆಚ್ಚು ಬೀಳುತ್ತದೆ, ಟರ್ಬೊ ವೇಗ ಹಿಡಿದು ಗಾಳಿ ಕೊಡುವುದು ಸ್ವಲ್ಪ ತಡ. ಆ ನಡುವಿನ ಹೊತ್ತಿನಲ್ಲಿ ಸುಡದೆ ಉಳಿದದ್ದೇ ಹೊಗೆ.

ಇಲ್ಲಿನ ಘೋರ್ಪಡಿಯ ಡೀಸೆಲ್ ಶೆಡ್ಡು ಬಹುಕಾಲ ಆಲ್ಕೊಗಳ ಮನೆಯಾಗಿದ್ದದ್ದು. ಹಾಗಾಗಿ ಪುಣೆಯವನಿಗೆ ಇದು ಪರವೂರಿನ ಎಂಜಿನ್ ಅಲ್ಲ. ನಾನು ರೈಲ್ವೆಯವನಲ್ಲ, ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಟೂಲ್‌ರೂಮಿನಲ್ಲಿ ಇದ್ದವನು. ಅಳತೆ ಮಾತ್ರ ಗೊತ್ತು.

ಅಳತೆಯಿಂದಲೇ ಶುರುಮಾಡೋಣ. ಕಿಟ್ ಇಲ್ಲದೆ ಬರಿಗೈಯಲ್ಲಿ ಕಟ್ಟುವವನಿಗೆ ಮೊದಲ ತಲೆನೋವು ಡ್ರಾಯಿಂಗ್. ಪೂರ್ತಿ ಡ್ರಾಯಿಂಗ್ ಕೈಗೆ ಸಿಗುವುದು ಅಪರೂಪ. ಖಚಿತವಾಗಿ ಗೊತ್ತಿರುವ ಎರಡು ಮೂರು ಅಂಕಿಗಳಿಂದ ಉಳಿದದ್ದನ್ನು ಹೊರಗೆಳೆಯಬೇಕು. ಆಲ್ಕೊ 251ರ ಬೋರ್ (ಸಿಲಿಂಡರಿನ ಒಳವ್ಯಾಸ) 228.6 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 266.7 ಮಿ.ಮೀ.; ಹಳೆಯ ಲೆಕ್ಕದಲ್ಲಿ 9 ಇಂಚು, ಹತ್ತೂವರೆ ಇಂಚು. ಎರಡು ಸಾಲು ಸಿಲಿಂಡರುಗಳ ನಡುವಿನ ಕೋನ 45 ಡಿಗ್ರಿ. ಬೋರನ್ನು 24ರಿಂದ ಭಾಗಿಸಿದರೆ 9.5 ಮಿ.ಮೀ. ಬೋರ್ ಒಳಗಿನದು, ಹೊರಗೆ ಕಾಣುವುದೇ ಇಲ್ಲ, ಅದನ್ನು ಕಟ್ಟಿಕೊಂಡು ಏನು ಮಾಡುವುದು ಅನ್ನಬಹುದು. ಆದರೆ ಆ ತೂತನ್ನು ಮುಚ್ಚುವ ಹೆಡ್ಡು 9.5ಕ್ಕಿಂತ ಅಗಲವಿರಲೇಬೇಕು, ಒಂದು ಹೆಡ್ಡಿಗೂ ಪಕ್ಕದ್ದಕ್ಕೂ ನಡುವೆ ಲೋಹ ಉಳಿಯಲೇಬೇಕು, ಒಂದು ಸಾಲಿನಲ್ಲಿ ಎಂಟು ಹೆಡ್ಡು. ಇಷ್ಟರಲ್ಲೇ ಬ್ಲಾಕು, ಅಂದರೆ ಸಿಲಿಂಡರುಗಳನ್ನು ಹಿಡಿದಿಡುವ ಮೈ, ಎಷ್ಟು ಉದ್ದಕ್ಕಿಂತ ಕಡಿಮೆ ಇರಲಾರದು ಅನ್ನುವುದು ಗೊತ್ತಾಗಿಬಿಡುತ್ತದೆ.

ಉಳಿದದ್ದಕ್ಕೆ ಫೋಟೊ. ಫೋಟೊದಲ್ಲಿ ಅಳತೆ ಗೊತ್ತಿರುವ ಒಂದು ವಸ್ತು ಎಂಜಿನ್ನಿನ ಪಕ್ಕದಲ್ಲೇ ಇರಬೇಕು. ನನ್ನ ಮೆಚ್ಚಿನದು 200 ಲೀಟರಿನ ಆಯಿಲ್ ಡ್ರಮ್ಮು: ವ್ಯಾಸ ಹತ್ತಿರಹತ್ತಿರ 58 ಸೆಂ.ಮೀ., ಎತ್ತರ 88. ಯಾವ ವರ್ಕ್‌ಶಾಪಿನ ಫೋಟೊದಲ್ಲೂ ಅದೊಂದು ಮೂಲೆಯಲ್ಲಿ ನಿಂತೇ ಇರುತ್ತದೆ. ಮನುಷ್ಯರನ್ನು ನಂಬಬೇಡಿ, ಕುಳ್ಳರೂ ಇರುತ್ತಾರೆ, ಉದ್ದನೆಯವರೂ ಇರುತ್ತಾರೆ. ಮತ್ತೆ, ಫೋಟೊ ದೂರದಿಂದ, ನೇರ ಮಗ್ಗುಲಿಂದ ತೆಗೆದದ್ದಾಗಿರಲಿ. ಹತ್ತಿರ ನಿಂತು ಮೊಬೈಲಿನಲ್ಲಿ ಹೊಡೆದ ಚಿತ್ರದಲ್ಲಿ ಎದುರಿನ ತುದಿ ಉಬ್ಬಿ, ಹಿಂದಿನ ತುದಿ ಕುಗ್ಗಿ, ಅಳತೆಯೆಲ್ಲ ಸುಳ್ಳಾಗುತ್ತದೆ.

ಇನ್ನು ಬ್ಲಾಕು. ಆಲ್ಕೊವನ್ನೇ ಆರಿಸಿಕೊಂಡದ್ದಕ್ಕೆ ಒಂದು ಸ್ವಾರ್ಥದ ಕಾರಣವೂ ಇದೆ. ಇದರ ಬ್ಲಾಕು ಎರಕ ಹೊಯ್ದದ್ದಲ್ಲ, ಉಕ್ಕಿನ ಪ್ಲೇಟುಗಳನ್ನು ಕತ್ತರಿಸಿ ವೆಲ್ಡ್ ಮಾಡಿ ಕಟ್ಟಿದ್ದು. ಎರಕದ ಬ್ಲಾಕಿನಲ್ಲಿ ಎಲ್ಲ ಮೂಲೆಗಳೂ ಗುಂಡಗೆ, ಎಲ್ಲ ಮೈಯೂ ಉಬ್ಬುತಗ್ಗು. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ತರಬೇಕಾದರೆ ಪುಟ್ಟಿ ಬಳಿದು ತಿಕ್ಕುವುದರಲ್ಲೇ ಆಯುಷ್ಯ ಕಳೆಯುತ್ತದೆ. ಇಲ್ಲಿ ಹಾಗಿಲ್ಲ. ಅವರು ಪ್ಲೇಟು ಕತ್ತರಿಸಿದಲ್ಲಿ ನಾನು ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆ ಕತ್ತರಿಸುತ್ತೇನೆ. ಅವರು ವೆಲ್ಡ್ ಹೊಡೆದಲ್ಲಿ ನಾನು ಸಾಲ್ವೆಂಟ್ ಹಚ್ಚುತ್ತೇನೆ. ಸಾಲ್ವೆಂಟ್ ಕೂಡ ಅಂಟಲ್ಲ, ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಒಂದು ಲೆಕ್ಕದಲ್ಲಿ ವೆಲ್ಡಿಂಗೇ. ವೆಲ್ಡಿನ ಗೆರೆಯೂ ಕಾಣಬೇಕು. 8 ಮಿಲಿಮೀಟರಿನ ವೆಲ್ಡು ಈ ಪ್ರಮಾಣದಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗ. ಕಿಟ್ಟುಗಳಲ್ಲಿ ಮಿಕ್ಕ ಪ್ಲಾಸ್ಟಿಕ್ ಕಡ್ಡಿಯನ್ನು ಮೋಂಬತ್ತಿಯ ಮೇಲೆ ಕಾಯಿಸಿ ಕೂದಲಿನಷ್ಟು ತೆಳ್ಳಗೆ ಎಳೆದು, ಮೂಲೆಯಲ್ಲಿ ಕೂರಿಸಿ, ಸಾಲ್ವೆಂಟಿನಿಂದ ಮೆತ್ತಗಾಗಿಸಿ, ಬ್ಲೇಡಿನ ತುದಿಯಿಂದ ಒತ್ತೊತ್ತಾಗಿ ಗೀರಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಅಲೆ ಅಲೆಯಾದ ವೆಲ್ಡಿಂಗ್ ಬೀಡ್ ಕಾಣುತ್ತದೆ. ಬನ್ನಿ, ಆಮೇಲೆ ನೋಡಿ. ಬ್ಲಾಕಿನ ಮಗ್ಗುಲಿಗೆ ಚೌಕದ ಮುಚ್ಚಳಗಳ ಸಾಲು ಇದೆಯಲ್ಲ, ಅವು ಕ್ರ್ಯಾಂಕ್‌ಕೇಸಿನ ಬಾಗಿಲು. ಕೆಲವಕ್ಕೆ ಸ್ಪ್ರಿಂಗ್ ಇರುತ್ತದೆ. ಒಳಗೆ ಆಯಿಲ್ ಆವಿಗೆ ಬೆಂಕಿ ಹತ್ತಿದರೆ ಒತ್ತಡ ಹೊರಗೆ ಹೋಗಲು.

ವಿ ಎಂಜಿನ್, ಅಂದರೆ ಹೀಗೆ ಎರಡು ಸಾಲು ಓರೆಯಾಗಿ ನಿಂತ ಎಂಜಿನ್, ಕಟ್ಟುವವರು ಹೆಚ್ಚಾಗಿ ಎಡವುವ ಜಾಗ ಒಂದಿದೆ. ಎಡಸಾಲು ಬಲಸಾಲು ಎರಡನ್ನೂ ಕನ್ನಡಿ ಹಿಡಿದಂತೆ ಎದುರುಬದುರು ಕೂರಿಸಿಬಿಡುತ್ತಾರೆ. ಒಂದೇ ಕ್ರ್ಯಾಂಕ್ ಪಿನ್ನಿನ ಮೇಲೆ ಎರಡು ಕನೆಕ್ಟಿಂಗ್ ರಾಡು (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ತೋಳು) ಅಕ್ಕಪಕ್ಕ ಕೂರುವ ಎಂಜಿನ್ನಿನಲ್ಲಿ ಒಂದು ಸಾಲು ಇನ್ನೊಂದಕ್ಕಿಂತ ಒಂದು ರಾಡಿನ ದಪ್ಪದಷ್ಟು ಮುಂದಿರಲೇಬೇಕು. ಒಳಗೆ ರಾಡೇ ಇಲ್ಲದ ಮಾದರಿಯಲ್ಲೂ ಇಲ್ಲದ ರಾಡಿಗೆ ಜಾಗ ಬಿಡಬೇಕು. ಮೇಲಿನಿಂದ ನೋಡಿದಾಗ ಆ ಸಣ್ಣ ಓರೆ ಕಂಡರೆ ಬಲ್ಲವನು ತಲೆದೂಗುತ್ತಾನೆ.

ಹೆಡ್ಡುಗಳು ಹದಿನಾರು, ಒಂದೊಂದು ಸಿಲಿಂಡರಿಗೆ ಒಂದೊಂದು. ಹದಿನಾರನ್ನೂ ಕೈಯಲ್ಲಿ ಕೊರೆಯುತ್ತೇನೆ ಅನ್ನುವವನಿಗೆ ಕೈಮುಗಿಯುತ್ತೇನೆ. ಕೈಯಲ್ಲಿ ಮಾಡಿದರೆ ಹದಿನಾರು ಬಗೆಯ ಹೆಡ್ಡಾಗುತ್ತದೆ, ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ. ಒಂದನ್ನು ಮನಸ್ಸಿಟ್ಟು ಮಾಡಿ, ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು, ರೆಸಿನ್ ಹೊಯ್ಯುವುದು. ರಬ್ಬರನ್ನು ಒಂದೇ ಮೂಲೆಯಿಂದ ದಾರದಂತೆ ತೆಳ್ಳಗೆ ಸುರಿಯಬೇಕು. ಅವಸರದಲ್ಲಿ ಸುರಿದರೆ ಗಾಳಿಗುಳ್ಳೆ ಸೇರಿ, ಪ್ರತಿ ಹೆಡ್ಡಿನ ಮೇಲೂ ನರಹುಲಿಯಂತೆ ಅದೇ ಜಾಗದಲ್ಲಿ ಅದೇ ಗುಳ್ಳೆ.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ: "ಕಾಕಾ, ಇಷ್ಟೆಲ್ಲಾ ಯಾಕ? 3ಡಿ ಪ್ರಿಂಟ್ ಹೊಡದ್ರ ಆತಲ್ಲ?"

ಆಗುತ್ತದಪ್ಪ, ಬೇಡ ಅನ್ನುವುದಿಲ್ಲ. ಹೆಡ್ಡಿನಂಥ ಭಾಗಕ್ಕೆ ಪ್ರಿಂಟರ್ ನನಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ಪ್ರಿಂಟರಿಗೂ ಯಾರೋ ಅಳತೆ ಹಾಕಿಕೊಡಬೇಕು, ಕೆಲಸದ ಅರ್ಧ ಅಲ್ಲೇ ಇರುವುದು. ಇನ್ನು ಅಗಲವಾದ ಸಪಾಟು ಪ್ಲೇಟಿಗೆ ಇವತ್ತಿಗೂ ಹಾಳೆಯೇ ವಾಸಿ. ಪ್ರಿಂಟಾದ ಪ್ಲೇಟಿನ ಮೇಲೆ ಪದರದ ಗೆರೆ ಇರುತ್ತದೆ, ತೆಳ್ಳಗಿದ್ದರೆ ಸೊಟ್ಟಗೂ ಆಗುತ್ತದೆ. ನಿನ್ನ ಹತ್ತಿರ ಪ್ರಿಂಟರ್ ಇದ್ದರೆ ಟರ್ಬೊ ಮಾಡು. ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತ ಹೋಗಿ ಬಾಯಗಲವಾಗುವ ಆ ಆಕಾರವನ್ನು ನಾನು ತಂತಿಯ ಮೇಲೆ ಎಂ-ಸೀಲ್ ಮೆತ್ತಿ, ಗಟ್ಟಿಯಾದ ಮೇಲೆ ಅರದಿಂದ ಉಜ್ಜಿ ಮಾಡಿದ್ದು. ಅದು ಸುಖದ ಕೆಲಸವಲ್ಲ.

ನಟ್ಟು-ಬೋಲ್ಟಿನ ವಿಷಯಕ್ಕೆ ಒಂದು ಲೆಕ್ಕ. ಎಂ24 ನಟ್ಟಿಗೆ, ಅಂದರೆ 24 ಮಿ.ಮೀ. ಬೋಲ್ಟಿನ ನಟ್ಟಿಗೆ, ಹಿಡಿಯುವ ಪಾನಾ 36 ಮಿ.ಮೀ.; ಇಲ್ಲಿ ಒಂದೂವರೆ ಮಿ.ಮೀ. ಆ ಅಳತೆಯ ಆರು ಮೂಲೆಯ ಪ್ಲಾಸ್ಟಿಕ್ ಕಡ್ಡಿಯನ್ನು ತೆಳ್ಳಗೆ ಕೊಯ್ದು ಅಂಟಿಸಿದರೆ ಆರು ಮೂಲೆಯೂ ಕಾಣುತ್ತವೆ. ಎಂ12ಕ್ಕೆ ಬಂದರೆ ಮುಕ್ಕಾಲು ಮಿಲಿಮೀಟರು. ಅದಕ್ಕಿಂತ ಕೆಳಗೆ ಹೋದರೆ ಆರು ಮೂಲೆ ಮಾಡಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ, ಹಲ್ಲುಕಡ್ಡಿಯ ತುದಿಯಿಂದ ಒಂದು ಹನಿ ಅಂಟು ಇಟ್ಟರೆ ಸಾಕು. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಅಂಕಿಯೇ ಹೇಳುತ್ತದೆ.

ಸಾಮಾನು ಎಲ್ಲಿ ಸಿಗುತ್ತದೆ ಅನ್ನುವವರಿಗೆ: ಪೇಟೆ ಸುತ್ತಿ. ತಾಮ್ರದ ತಂತಿ ತಾಪಕೀರ್ ಗಲ್ಲಿಯಲ್ಲಿ. ಹಿತ್ತಾಳೆ ಕಡ್ಡಿ, ಸಣ್ಣ ಅರ, ಡ್ರಿಲ್ ಬಿಟ್ಟು ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ. ಕಾಗದ, ಬೋರ್ಡು, ಬ್ಲೇಡಿಗೆ ಅಪ್ಪಾ ಬಳವಂತ ಚೌಕ. ಜೂನಾ ಬಜಾರಿನಲ್ಲಿ ಏನು ಸಿಗುತ್ತದೆ ಅನ್ನುವುದು ನಿಮ್ಮ ಹಣೆಬರಹ. ನೇರ ಪೈಪಿಗೆ ಇಂಜೆಕ್ಷನ್ ಸೂಜಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. 18ನೇ ಗೇಜಿನ ಸೂಜಿಯ ಹೊರವ್ಯಾಸ 1.27 ಮಿ.ಮೀ., ನಿಜದಲ್ಲಿ 30 ಮಿಲಿಮೀಟರಿನ ಪೈಪು. ಮೆಡಿಕಲ್ ಅಂಗಡಿಯವನು ಮುಖ ನೋಡುತ್ತಾನೆ, ನೋಡಲಿ. ಬಾಗಿದ ಪೈಪಿಗೆ ಬೆಸುಗೆ ತಂತಿ; ಮೆತ್ತಗಿರುವುದರಿಂದ ಮಡಿಕೆ ಬೀಳದೆ ಬಾಗುತ್ತದೆ.

ಈಗ ಸರಕಿನ ಮಾತು. ಲೋಕೊದೊಳಗೆ ಕೂತ ಎಂಜಿನ್ನಿನ ಎಲ್ಲ ಪೈಪೂ ಎಲ್ಲಿಗೋ ಹೋಗಿ ಸೇರಿರುತ್ತವೆ. ಟ್ರೇಲರ್ ಮೇಲಿನ ಎಂಜಿನ್ನಿನಲ್ಲಿ ಒಂದೂ ಸೇರಿರುವುದಿಲ್ಲ. ಬಹಳ ಮಂದಿ ಮಾದರಿಕಾರರು ಒಂದು ಒಳ್ಳೆಯ ಎಂಜಿನ್ ಕಟ್ಟಿ ಹಾಗೇ ತಂದು ಟ್ರಕ್ಕಿನ ಮೇಲಿಡುತ್ತಾರೆ. ನೋಡಲು ಚೆಂದ, ನಂಬಲು ಆಗುವುದಿಲ್ಲ. ನಿಜದಲ್ಲಿ ತೆರೆದ ಬಾಯಿ ಇಟ್ಟುಕೊಂಡು ಯಾರೂ ಎಂಜಿನ್ ಕಳಿಸುವುದಿಲ್ಲ. ಟರ್ಬೊದ ಬಾಯಿಗೆ ಒಂದು ಕಲ್ಲಿನ ಚೂರು ಬಿದ್ದರೆ ಅದರ ಬ್ಲೇಡುಗಳ ಕಥೆ ಮುಗಿಯಿತು. ಅದಕ್ಕೇ ನೋಡಿ, ಇಲ್ಲಿ ಟರ್ಬೊದ ಬಾಯಿಗೆ ಪ್ಲೈವುಡ್ಡಿನ ದುಂಡನೆ ಬಿಲ್ಲೆ, ನಾಲ್ಕೇ ಬೋಲ್ಟು. ಹದಿನಾರು ತೂತಿದ್ದರೂ ತಾತ್ಕಾಲಿಕದ ಕೆಲಸಕ್ಕೆ ನಾಲ್ಕು ಸಾಕು. ಆಲ್ಕೊದಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಡೀಸೆಲ್ ಪಂಪು, ಹಾಗಾಗಿ ಡೀಸೆಲ್ಲಿನ ಸಣ್ಣ ಬಾಯಿಗಳು ಬಹಳ. ಕೆಲವಕ್ಕೆ ಹಳದಿ ಪ್ಲಾಸ್ಟಿಕ್ ಟೋಪಿ, ಕೆಲವಕ್ಕೆ ಬಟ್ಟೆ ತುರುಕಿ ಟೇಪು ಸುತ್ತಿದ್ದು. ಎಲ್ಲವೂ ಒಂದೇ ತರಹ ಇದ್ದರೆ ಶೋರೂಮ್ ಆಗಿಬಿಡುತ್ತದೆ. ಕ್ರ್ಯಾಂಕಿನ ತುದಿಯ ತಿಕ್ಕಿ ನುಣುಪು ಮಾಡಿದ ಮುಖಕ್ಕೆ ಗ್ರೀಸ್ ಬಳಿದು ಗೋಣಿಬಟ್ಟೆ ಕಟ್ಟಿದೆ. ಗೋಣಿಗೆ ಟಿಶ್ಯೂ ಕಾಗದವನ್ನು ತೆಳು ಫೆವಿಕಾಲ್ ನೀರಿನಲ್ಲಿ ಅದ್ದಿದ್ದು. ಬ್ಲಾಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿ ಇದೆ, ಬಿಳಿ ಪೆನ್ಸಿಲ್ಲನ್ನು ಚೂಪು ಮಾಡಿ ಬರೆದದ್ದು.

ಕೆಳಗೆ ನೇರವಾಗಿ ಟ್ರೇಲರಿನ ಕಬ್ಬಿಣದ ಮೇಲೆ ಕಬ್ಬಿಣ ಕೂರಿಸುವುದಿಲ್ಲ, ಜಾರುತ್ತದೆ. ಮರ ಬೇಕು. ನಾನು ಹಾಕಿರುವುದು ಹಳೆಯ ರೈಲ್ವೆ ಸ್ಲೀಪರುಗಳು. ಬ್ರಾಡ್‌ಗೇಜಿನ ಮರದ ಸ್ಲೀಪರ್ 275 ಸೆಂ.ಮೀ. ಉದ್ದ, 25 ಅಗಲ, 13 ದಪ್ಪ. ಇಲ್ಲಿ ಹನ್ನೊಂದೂವರೆ ಸೆಂ.ಮೀ. ಉದ್ದದ ಕಡ್ಡಿ. ಐಸ್‌ಕ್ಯಾಂಡಿ ಕಡ್ಡಿಗಳನ್ನು ಪದರ ಕೂಡಿಸಿ ಅಂಟಿಸಿ, ತಂತಿ ಬ್ರಶ್ಶಿನಿಂದ ಉದ್ದಕ್ಕೆ ಗೀರಿ, ಹಳಿ ಕೂತಿದ್ದ ಜಾಗದಲ್ಲಿ ತುಸು ತಗ್ಗು ಮಾಡಿ, ಮೊಳೆಯ ತೂತೂ ಕೊರೆದಿದ್ದೇನೆ. ರೈಲ್ವೆಯ ಎಂಜಿನ್ ರೈಲ್ವೆಯ ಸ್ಲೀಪರಿನ ಮೇಲೆ. ಇದು ನನ್ನ ಸ್ವಂತ ಖುಷಿಗೆ.

ಆಮೇಲೆ ಭಾರ. ಇದರ ಮೇಲೆಯೇ ಎಲ್ಲ ನಿಂತಿರುವುದು. ಉದ್ದ 24ನೇ ಒಂದು ಭಾಗವಾದರೆ ತೂಕ 24ನೇ ಒಂದು ಭಾಗ ಆಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 13,824ನೇ ಒಂದು ಭಾಗಕ್ಕೆ ಇಳಿಯುತ್ತದೆ. ಡಬ್ಲ್ಯುಡಿಎಂ-2ರ ಪೂರ್ತಿ ತೂಕ 112.8 ಟನ್, ಈ ಪ್ರಮಾಣದಲ್ಲಿ ಅದು ಎಂಟು ಕಿಲೋ ಚಿಲ್ಲರೆ. ಸರಕಿನ ಎಂಜಿನ್ ಲೆಕ್ಕಕ್ಕೆ 20 ಟನ್ ಅಂತ ಹಿಡಿಯಿರಿ, ಇಲ್ಲಿ ಸುಮಾರು 1.45 ಕಿಲೋ. ಪ್ಲಾಸ್ಟಿಕ್ಕಿನ ಮಾದರಿ ಅಷ್ಟೂ ತೂಗುವುದಿಲ್ಲ. ತೂಗಿದರೂ ಇಷ್ಟು ಸಣ್ಣ ಸ್ಪ್ರಿಂಗು, ಇಷ್ಟು ಸಣ್ಣ ಟೈರು ನಿಜದಂತೆ ಬಾಗುವುದಿಲ್ಲ. ಭಾರ ತಾನಾಗಿ ಕಾಣಿಸಿಕೊಳ್ಳುವುದಿಲ್ಲ ಅಂದಮೇಲೆ ಅದು ಏನೇನು ಮಾಡುತ್ತಿತ್ತೋ ಅದನ್ನೆಲ್ಲ ಕೈಯಿಂದ ಮಾಡಿಡಬೇಕು.

ಟೈರಿನಿಂದ ಶುರು. 10.00-20 ಟೈರಿನ ಎತ್ತರ ಒಂದು ಮೀಟರಿಗೆ ಸ್ವಲ್ಪ ಮೇಲೆ, ಇಲ್ಲಿ 44 ಮಿ.ಮೀ. ನೆಲ ಮುಟ್ಟುವ ಜಾಗದಲ್ಲಿ ಒಂದು ಮಿಲಿಮೀಟರಿನಷ್ಟು ಉಜ್ಜಿ ಸಪಾಟು ಮಾಡಬೇಕು, ಅದರ ಮೇಲುಗಡೆ ಪಕ್ಕದ ಗೋಡೆಗೆ ಪುಟ್ಟಿ ಮೆತ್ತಿ ಸ್ವಲ್ಪ ಉಬ್ಬಿಸಬೇಕು. ಹೆಚ್ಚಾದರೆ ಪಂಕ್ಚರ್ ಆದಂತೆ ಕಾಣುತ್ತದೆ. ಕಮಾನ್ ಪಟ್ಟಿಗಳು, ಅಂದರೆ ಅಚ್ಚಿನ ಮೇಲಿನ ಪಟ್ಟಿ ಸ್ಪ್ರಿಂಗುಗಳು, ಖಾಲಿ ಗಾಡಿಯಲ್ಲಿ ಬಿಲ್ಲಿನಂತೆ ಬಾಗಿರುತ್ತವೆ, ಹೇರಿದ ಗಾಡಿಯಲ್ಲಿ ನೆಟ್ಟಗಾಗುತ್ತವೆ. ಟ್ರೇಲರ್ ಅಚ್ಚಿನ ಕಮಾನುಗಳನ್ನು ನೆಟ್ಟಗೆ, ಕ್ಯಾಬಿನ್ನಿನ ಮುಂದಿನ ಅಚ್ಚಿನದನ್ನು ಮಾತ್ರ ಬಾಗಿದ ಹಾಗೇ ಬಿಟ್ಟಿದ್ದೇನೆ. ಭಾರ ಹೆಚ್ಚಾಗಿ ಹಿಂದಿದೆ.

ಸರಪಳಿಯ ಸಂಗತಿ ಇನ್ನೂ ವಿಚಿತ್ರ. ಬೆಂಟೆಕ್ಸ್ ಅಂಗಡಿಯಲ್ಲಿ ಸಿಗುವ ಸಣ್ಣ ತಾಮ್ರದ ಚೈನು ಅಳತೆಗೆ ಸರಿಹೋಗುತ್ತದೆ. ಹೊಳಪು ಹೋಗಲು ಬೇಯಿಸಿದ ಮೊಟ್ಟೆ ಒಡೆದು, ಅದರ ಜೊತೆ ಚೈನನ್ನು ಡಬ್ಬಿಯಲ್ಲಿ ಮುಚ್ಚಿಡಿ. ಮೊಟ್ಟೆಯಿಂದ ಬರುವ ಗಂಧಕದ ಗಾಳಿಗೆ ತಾಮ್ರ ಕಪ್ಪಾಗುತ್ತದೆ. ಮನೆಯಲ್ಲಿ ಮೊಟ್ಟೆ ನಡೆಯದಿದ್ದರೆ ಕಪ್ಪು ಬಣ್ಣವೇ ಗತಿ. ಚೈನನ್ನು ಕಟ್ಟಿದ ಮೇಲೆ ನೋಡಿದರೆ ಅದು ಜೋತುಬಿದ್ದಿರುತ್ತದೆ, ಕತ್ತಿನ ಸರದಂತೆ. ನಿಜದ ಸರಪಳಿಯನ್ನು ಟೆನ್ಷನರ್ ತಿರುಗಿಸಿ ತಂತಿಯಷ್ಟು ನೆಟ್ಟಗೆ ಬಿಗಿದಿರುತ್ತಾರೆ. ಸಡಿಲ ಬಿಟ್ಟ ಡ್ರೈವರ್ ಖಂಬಾಟ್ಕಿ ಘಾಟ್ ಇಳಿಯುವಾಗ ಬ್ರೇಕ್ ಒತ್ತಿದರೆ ಸರಕು ಕ್ಯಾಬಿನ್ನಿನೊಳಗೇ ಬರುತ್ತದೆ. ಹಾಗಾಗಿ ಚೈನನ್ನು ಎರಡು ಮೊಳೆಯ ನಡುವೆ ಎಳೆದು ಹಿಡಿದು, ತೆಳು ಫೆವಿಕ್ವಿಕ್ ಹರಿಸಿ ಕಡ್ಡಿಯಂತೆ ಗಟ್ಟಿಮಾಡಿಕೊಂಡು ಆಮೇಲೆ ಕಟ್ಟಬೇಕು. ದಿಕ್ಕೂ ಮುಖ್ಯ. ಒಂದು ಜೋಡಿ ಸರಕನ್ನು ಮುಂದಕ್ಕೆಳೆಯಬೇಕು, ಇನ್ನೊಂದು ಜೋಡಿ ಹಿಂದಕ್ಕೆ, ನಾಲ್ಕೂ ಓರೆಯಾಗಿ. ಸರಪಳಿಯನ್ನು ಪೈಪಿಗೆ, ಪಂಪಿಗೆ ಸುತ್ತಿದ ಮಾದರಿಗಳನ್ನು ನೋಡಿದ್ದೇನೆ. ಹಾಗೆ ಕಟ್ಟಿದರೆ ನಿಜದಲ್ಲಿ ಮೊದಲ ಗುಂಡಿಯಲ್ಲೇ ಪೈಪು ಕಿತ್ತು ಕೈಗೆ ಬರುತ್ತದೆ. ಬ್ಲಾಕಿನ ಅಡಿಪಾದಕ್ಕೆ ಕಟ್ಟಬೇಕು.

ಒಳಗೆ ಏನಿದೆ ಅಂತ ಹೇಳುವುದಾಗಿ ಮಾತು ಕೊಟ್ಟಿದ್ದೆ. ಸೀಸ. ಮೀನಿನ ಬಲೆಗೆ ಕಟ್ಟುವ ಗುಂಡುಗಳು. ಕಣ್ಣಿಗೆ ಇದರಿಂದ ಏನೂ ಫರಕಿಲ್ಲ, ಎತ್ತುವವನ ಕೈಗೆ ಇದೆ. ಹಗುರ ಅಂದುಕೊಂಡು ಎತ್ತಲು ಹೋದವರ ಮುಖ ನೋಡುವುದು ನನಗೊಂದು ಮೋಜು. ಆದರೆ ಸೀಸವನ್ನು ಫೆವಿಕಾಲಿನಂಥ ಬಿಳಿ ಅಂಟಿನಲ್ಲಿ ಕೂರಿಸಬೇಡಿ. ವರ್ಷಗಳಲ್ಲಿ ಸೀಸ ಬಿಳಿ ಪುಡಿಯಾಗಿ ಉಬ್ಬುತ್ತದೆ, ಗೋಡೆಯನ್ನೇ ಸೀಳುತ್ತದೆ. ಮಾದರಿ ರೈಲಿನವರು ಇದನ್ನು ಅನುಭವಿಸಿ ಬರೆದಿದ್ದಾರೆ. ಎಪಾಕ್ಸಿ ಹಾಕಿ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬೇಡಿ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಬ್ಬಿಯಿಂದ ನೇರ ಬಳಿದ ಬಣ್ಣ ಸಣ್ಣ ವಸ್ತುವಿನ ಮೇಲೆ ಗಾಢವಾಗಿ, ಆಟಿಕೆಯಂತೆ ಕಾಣುತ್ತದೆ. ಸ್ವಲ್ಪ ಬಿಳಿ ಬೆರೆಸಿ, ಹೊಳಪು ತೆಗೆಯಿರಿ.

ಗಾಡಿಗೆ ಮಾತ್ರ ಕಾಲ ಗೊತ್ತಿರಬೇಕು. ಹಿಂದೆ "ಹಾರ್ನ್ ಓಕೆ ಪ್ಲೀಸ್" ಬರೆಯಬೇಕೋ ಬೇಡವೋ? ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಅದನ್ನು ಬರೆಯುವುದಕ್ಕೆ ನಿಷೇಧ ಹಾಕಿತು. ನನ್ನ ಗಾಡಿ ಅದಕ್ಕೂ ಮೊದಲಿನದು, ಬರೆದಿದ್ದೇನೆ. ನಂಬರ್ ಪ್ಲೇಟು ಕೈಬರಹದ್ದು. 2019ರ ಏಪ್ರಿಲ್ ನಂತರದ ಹೊಸ ಗಾಡಿಯಾಗಿದ್ದರೆ ಹೈ ಸೆಕ್ಯುರಿಟಿ ಪ್ಲೇಟು ಬೇಕಿತ್ತು. ಗಾಜಿನ ಮೇಲೆ ಫಾಸ್ಟ್ಯಾಗ್ ಅಂಟಿಸಿದರೆ ಇಡೀ ಲೆಕ್ಕ ಕೆಡುತ್ತದೆ. ನಂಬರು ಕೆಎ-25ರಿಂದ ಶುರುವಾಗುವುದನ್ನು ಎದುರಿನ ಸಾಲಿನ ಧಾರವಾಡದವರು ಆಗಲೇ ಕಂಡುಹಿಡಿದು ನಕ್ಕರು.

ಅವರಲ್ಲೇ ಒಬ್ಬರು ಕೊನೆಗೆ ಕೇಳಿದರು: "ಗಾಡಿ ನಮ್ಮ ಕಡೇದು, ಎಂಜಿನ್ ಯಾಕ್ರೀ ಆಲ್ಕೊ? ಹುಬ್ಬಳ್ಳಿ ಶೆಡ್ಡಿನಾಗ ಇರೂದೆಲ್ಲಾ ಇಎಂಡಿ ಅಲ್ಲೇನ್ರಿ?"

ಸರಿಯಾದ ಪ್ರಶ್ನೆ. ಹುಬ್ಬಳ್ಳಿ ಅಂದರೆ ಇಎಂಡಿ 710, ಅಮೆರಿಕದ ಇನ್ನೊಂದು ಕಂಪನಿಯ ಎಂಜಿನ್. ಅದೂ 16 ಸಿಲಿಂಡರು, ಅದೂ 45 ಡಿಗ್ರಿ, ಬೋರ್ ಕೂಡ ಹತ್ತಿರಹತ್ತಿರ ಅಷ್ಟೇ. ಆದರೆ ಅದು ಟೂ-ಸ್ಟ್ರೋಕ್. ಅದರಲ್ಲಿ ಒಂದು ರಾಡು ಇನ್ನೊಂದರ ಕವಲಿನೊಳಗೆ ಕೂರುತ್ತದೆ, ಹಾಗಾಗಿ ಎರಡು ಸಾಲೂ ನೇರ ಎದುರುಬದುರು. ನಾನು ಓರೆಗಾಗಿ ಪಟ್ಟ ಪಾಡು ಅದರಲ್ಲಿ ಇರುವುದೇ ಇಲ್ಲ. ಹೆಡ್ಡುಗಳೂ ಮೇಲಿನ ಮುಚ್ಚಳದಡಿ ಅಡಗುತ್ತವೆ, ಹೊರಗೆ ಕಾಣುವ ಕೆಲಸ ಕಡಿಮೆ. ಮಾಡುವವರಿದ್ದರೆ ಮಾಡಿ, ಟ್ರೇಲರ್ ನಾನು ಕೊಡುತ್ತೇನೆ. ಎಂಜಿನ್ನನ್ನು ಅದಕ್ಕೆ ಅಂಟಿಸಿಲ್ಲ; ಸರಪಳಿಯ ಕೊಕ್ಕೆಗಳು ಬಿಚ್ಚುತ್ತವೆ, ಸ್ಲೀಪರುಗಳೂ ಬಿಡಿ. ಈಗ ಎದ್ದು ಬಂದು ಎತ್ತಿ ನೋಡಬಹುದು. ಬ್ಲಾಕಿನ ಅಡಿಗೆ ಎರಡೂ ಕೈ ಕೊಟ್ಟು ಎತ್ತಿ, ಟರ್ಬೊ ಹಿಡಿದು ಎತ್ತಬೇಡಿ.